ಒಡೆಯಲೆಂದೇ ಮಾಡಿದ ಇಟ್ಟಿಗೆ

ಎದುರು ಸೈಟಿನಲ್ಲಿ ಮನೆ ಏಳುತ್ತಿದೆ. ಮೊನ್ನೆ ತಾರಸಿಗೆ ಮೋಲ್ಡ್ ಹಾಕಿ, ಮೇಲೆ ಗೋಣಿಚೀಲ ಹೊದಿಸಿ ನೀರು ಬಿಟ್ಟಿದ್ದಾರೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದರೆ ಹಸಿ ಸಿಮೆಂಟು, ನೆನೆದ ಗೋಣಿ ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯುತ್ತದೆ. ಬೇರೆಯವರಿಗೆ ಅದು ಮನೆ ಕಟ್ಟುವ ವಾಸನೆ. ನನಗೆ ಸೊಸೆ ಶೈಲಾಳ ಸೆರಗಿನ ವಾಸನೆ. ಎಷ್ಟೋ ವರ್ಷದಿಂದ ಅವಳು ಸಂಜೆ ಕಾಲೇಜಿನಿಂದ ಬರುವಾಗ ಇದನ್ನೇ ಹೊತ್ತು ತರುತ್ತಾಳೆ. ಮೊದಮೊದಲು ಎತ್ತಿಕೊಂಡರೆ ಅವಳ ಮಗುವೇ ಮೂಗು ಸಿಂಡರಿಸುತ್ತಿತ್ತು.

ನಾನು ಓದಿದ್ದು ಮೂರನೇ ಕ್ಲಾಸಿನ ತನಕ. ಬರೆಯುವುದು ನಿಧಾನ, ನೀವೂ ನಿಧಾನವಾಗಿ ಓದಿ. ಕೆ.ಆರ್. ಪುರದ ಈಚೆ ನಮ್ಮದೊಂದು ಹಳ್ಳಿ ಇತ್ತು. ಹಳ್ಳಿ ಎಂದು ಈಗ ಹೇಳಿದರೆ ನಗುತ್ತೀರಿ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಲೇಔಟು. ಆ ಕಾಲಕ್ಕೆ ಉಳಿದಿದ್ದು ಮನೆ, ಹಿತ್ತಿಲು, ಒಂದು ಹಸು. ಮಗ ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸೊಸೆ ಇಂಜಿನಿಯರಿಂಗ್ ಓದಿದವಳು. ಮದುವೆಯಾಗಿ ಹೆಣ್ಣುಮಗು ಹುಟ್ಟಿತು, ಇನ್ನು ಓದಿನ ಹುಚ್ಚು ಇಳಿಯಿತು ಎಂದುಕೊಂಡಿದ್ದೆ. ಮಗು ಕೂರಲು ಕಲಿಯುವ ಹೊತ್ತಿಗೆ ಅವಳು ರಿಸರ್ಚ್ ಎಂದಳು.

"ಅಂದ್ರೆ ಏನು ಮಾಡ್ತೀಯೆ ಅಲ್ಲಿ?" ಎಂದು ಕೇಳಿದೆ.

"ಮಣ್ಣಿಗೆ ಒಂದಿಷ್ಟು ಸಿಮೆಂಟು ಸೇರ್ಸಿ ಇಟ್ಟಿಗೆ ಒತ್ತೋದು ಅತ್ತೆ. ಸುಡೋದೇ ಬೇಡ."

"ಆಮೇಲೆ?"

"ಆಮೇಲೆ ಒಡೆಯೋದು."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮಾಡುತ್ತಿರಲಿಲ್ಲ. ನಮ್ಮ ಕಡೆ ಒಬ್ಬ ಹೆಂಗಸು ಮಡಕೆ ಒಡೆದರೆ ಮೂರು ದಿನ ಅವಳನ್ನು ಆಡಿಕೊಳ್ಳುತ್ತೇವೆ. ಇವಳಿಗೆ ಒಡೆಯುವುದಕ್ಕೆ ತಿಂಗಳು ತಿಂಗಳು ಹಣ ಕೊಡುತ್ತಾರಂತೆ, ಕೊನೆಗೆ ಡಾಕ್ಟರು ಎಂದು ಕರೆಯುತ್ತಾರಂತೆ. ನಾನು ಮುಚ್ಚುಮರೆ ಇಲ್ಲದೆ ಹೇಳಿದೆ: "ದಸರಾ ತನಕ ಮಗು ನೋಡ್ಕೋತೀನಿ. ಆಮೇಲೆ ನನ್ನ ಸೊಂಟ ಕೇಳಲ್ಲ. ನಿನ್ನ ಇಟ್ಟಿಗೆ ಅಷ್ಟರೊಳಗೆ ಒಡ್ಕೋ." ಮಗ ನನ್ನ ಪಕ್ಷ. ಅವಳು ಹೂಂ ಎಂದಳು. ಹಾಗೆ ಹೇಳಿದ್ದು ತಪ್ಪು ಎಂದು ಇವತ್ತಿಗೂ ನನಗೆ ಅನಿಸುವುದಿಲ್ಲ. ಸೊಂಟ ನನ್ನದು.

ಪ್ರತಿ ವರ್ಷ ಆಯುಧಪೂಜೆಗೆ ನಾವು ಮಗನ ಕಾರ್ಖಾನೆಗೆ ಹೋಗುತ್ತಿದ್ದೆವು. ಅವತ್ತು ಮನೆಯವರನ್ನೆಲ್ಲ ಒಳಗೆ ಬಿಡುತ್ತಾರೆ, ಪುರಿ ಸಿಹಿ ಕೊಡುತ್ತಾರೆ. ಆ ವರ್ಷ ನಾನು ಹೊಸ ಸೀರೆ ಉಟ್ಟು ನಿಂತಿದ್ದೆ. ಶೈಲಾ ಬಂದು, "ಅತ್ತೆ, ನೀವು ನನ್ ಜೊತೆ ಬನ್ನಿ. ಕೊನೇ ಸಾಲಿನ ಇಟ್ಟಿಗೆ ಇವತ್ತೇ ಒಡೀಬೇಕು. ಎಷ್ಟೊತ್ತಾಗುತ್ತೋ ಏನೋ, ಮಗು ಇನ್ನೂ ಹಾಲು ಬಿಟ್ಟಿಲ್ಲ" ಎಂದಳು.

ವಿಷಯ ಹೀಗೆ. ಆ ಇಟ್ಟಿಗೆಯನ್ನು ಒತ್ತಿದ ಮೇಲೆ ಇಷ್ಟನೇ ದಿನಕ್ಕೇ ಒಡೆಯಬೇಕೆಂದು ಕಟ್ಟುನಿಟ್ಟು. ಒಡೆಯುವ ಮುಂಚೆ ನೀರಿನಲ್ಲಿ ನೆನೆಸಬೇಕು. ಹಿಂದಿನ ದಿನವೇ ತೊಟ್ಟಿಗೆ ಇಳಿಸಿ ಬಂದಿದ್ದಳು. ದಿನ ತಪ್ಪಿದರೆ ಅಷ್ಟೂ ಲೆಕ್ಕಕ್ಕಿಲ್ಲ. ಮತ್ತೆ ಮಣ್ಣು ಜರಡಿ ಹಿಡಿಯುವುದರಿಂದ ಶುರು. ಒತ್ತುವ ದಿನ ಬೆರಳು ಮಡಿಸಿ ಮುಂದಕ್ಕೆ ಎಣಿಸಿದ್ದಾಳೆ, ಎಣಿಸಿದ ದಿನ ಯಾವ ಹಬ್ಬ ಎಂದು ನೋಡಿಲ್ಲ! ನಮ್ಮ ಅಡುಗೆಮನೆ ಗೋಡೆಯಲ್ಲಿ ಅಷ್ಟು ದೊಡ್ಡ ಕ್ಯಾಲೆಂಡರು ನೇತಾಡುತ್ತಿತ್ತು.

ಕಾಲೇಜಿನ ಹಿಂಭಾಗದಲ್ಲಿ ಲ್ಯಾಬುಗಳು ಸಾಲಾಗಿದ್ದವು. ಒಂದೊಂದರ ಮೇಲೂ ಸಂಶೋಧನಾ ಕೇಂದ್ರ ಎಂದು ದೊಡ್ಡ ಬೋರ್ಡು, ಕೆಳಗೆ ತಗಡಿನ ಶೆಡ್ಡು. ನೀರು ಹರಿಸಿ ನೋಡುವ ಲ್ಯಾಬಿನ ಪಂಪಿಗೆ ಬಾಳೆಕಂದು ಕಟ್ಟಿದ್ದರು. ಕಂಪ್ಯೂಟರ್ ಲ್ಯಾಬಿನಲ್ಲಿ ಹುಡುಗಿಯರು ಟಿವಿಯಂಥ ಡಬ್ಬಗಳಿಗೆಲ್ಲ ಕುಂಕುಮ ಹಚ್ಚುತ್ತಿದ್ದರು. ಚಪ್ಪಲಿ ಹೊರಗೆ ಬಿಡಿ ಎಂದು ನನಗೇ ಗದರಿದರು. ವರ್ಷವಿಡೀ ಇಂಗ್ಲಿಷಿನಲ್ಲಿ ಮಾತಾಡುವ ಮಿಷಿನುಗಳು ಅವತ್ತು ನಮ್ಮ ನೇಗಿಲಿನ ಹಾಗೇ ಹಣೆಗಿಟ್ಟುಕೊಂಡು ಕೂತಿದ್ದವು. ನನಗೆ ಅಲ್ಲಿ ಪರವಾಗಿಲ್ಲ ಅನಿಸಿತು.

ಶೈಲಾಳ ಲ್ಯಾಬಿನ ಬಾಗಿಲಲ್ಲೇ ಎಡವಟ್ಟು. ಪೂಜೆ ಹತ್ತು ಗಂಟೆಗೆ, ಅದಕ್ಕೆ ಮುಂಚೆ ಒಡೆದುಬಿಡೋಣ ಎಂದು ಅವಳ ಲೆಕ್ಕ. ಅಲ್ಲಿನ ಮೆಕ್ಯಾನಿಕ್ ಆರುಮುಗಂ, ಹಲಸೂರಿನವನು, ರಾಹುಕಾಲ ತಪ್ಪಿಸಲು ಬೆಳಗ್ಗೆಯೇ ಬಂದು ಮಂಗಳಾರತಿ ಮುಗಿಸಿಬಿಟ್ಟಿದ್ದ. ಇಟ್ಟಿಗೆಯನ್ನು ಅದುಮಿ ಒಡೆಯುವ ಮಿಷಿನು ಆಳೆತ್ತರ, ಎದೆಯ ಮೇಲೆ ಗಡಿಯಾರದಂಥ ಬಿಲ್ಲೆ. ಅದಕ್ಕೆ ಸೇವಂತಿಗೆ ಹಾರ, ಮೂರು ಪಟ್ಟೆ ವಿಭೂತಿ.

"ಪೂಜೆ ಆಯ್ತು ಮೇಡಂ. ಇನ್ನು ನಾಳೆ ತನಕ ಕೈ ಇಡೋ ಹಾಗಿಲ್ಲ" ಎಂದ.

"ಆರುಮುಗಂ, ಇಟ್ಟಿಗೆ ತೊಟ್ಟಿಲಿ ಇದೆ. ನಿಮಗೇ ಗೊತ್ತಲ್ಲ!"

"ಗೊತ್ತು ಮೇಡಂ. ನಾನೇ ತಾನೆ ಒತ್ಕೊಟ್ಟಿದ್ದು. ಆದ್ರೆ ಪೂಜೆ ಮಾಡಿದ ಮಿಷಿನ್ ಓಡಿಸಿ ನಾಳೆ ಯಾರದಾದ್ರೂ ಕೈ ಹೋದ್ರೆ?"

ಅವಳ ಮೇಷ್ಟ್ರು ಪ್ರಸಾದದ ದೊನ್ನೆ ಹಿಡಿದುಕೊಂಡು ಬಂದರು. ಅವರಿಗೆ ಹೇಳಿದರೆ, "ಇಲ್ಲಿ ಯಜಮಾನ ಆರುಮುಗಂ ಕಣಮ್ಮ, ನಾನಲ್ಲ" ಎಂದು ಕಡಲೆ ಬಾಯಿಗೆ ಹಾಕಿಕೊಂಡರು. ಶೈಲಾ ತೊಟ್ಟಿಯ ಅಂಚಿನಲ್ಲಿ ಕೂತಳು. ಅಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದಳು. ದಸರಾ ಎಂದು ಗಡುವು ಹಾಕಿದ್ದು ನಾನೇ ಅಲ್ಲವೇ.

ಮಗು ಸೊಂಟದ ಮೇಲಿತ್ತು. ನಾನು ಮುಂದೆ ಹೋದೆ. "ಏನಪ್ಪಾ ಆರುಮುಗಂ, ಸಂಕ್ರಾಂತಿಗೆ ನಾವು ಹಸುಗೆ ಪೂಜೆ ಮಾಡ್ತೀವಿ. ಅವತ್ತು ಹಾಲು ಕರೆಯೋದು ಬಿಡ್ತೀವಾ?"

"ಇದಕ್ಕೆ ಕೆಚ್ಚಲು ಎಲ್ಲಿದೆ ತೋರ್ಸಿ ಅಮ್ಮಾ, ನಾನೇ ಕರೀತೀನಿ" ಎಂದ. ಮೇಷ್ಟ್ರು ನಕ್ಕುಬಿಟ್ಟರು. ನನ್ನ ವಾದ ಅಲ್ಲಿಗೆ ಮಕಾಡೆ ಬಿತ್ತು.

ಸೋತ ಮೇಲೆ ನಾನು ಸುಮ್ಮನಿರುವವಳಲ್ಲ. ಸುತ್ತ ನೋಡಿದೆ. "ಬೂದುಗುಂಬಳ ಒಡೆದ್ಯಾ?"

"ಇಲ್ಲಮ್ಮಾ. ಎಲ್ಲಾ ಲ್ಯಾಬಿಂದೂ ಸೇರ್ಸಿ ಗೇಟ್ ಹತ್ರ ಒಂದೇ ಒಡೀತೀವಿ, ಹನ್ನೆರಡಕ್ಕೆ."

"ಹಂಗಾದ್ರೆ ಪೂಜೆ ಎಲ್ಲಿ ಮುಗೀತು? ದೃಷ್ಟಿ ತೆಗೀದೆ ಮುಗಿಯತ್ತಾ? ಮುಗಿಯೋ ಮುಂಚೆ ಓಡಿಸಿದ್ರೆ ದೋಷ ಇಲ್ಲ."

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ."

ಅಂಥ ಶಾಸ್ತ್ರ ಎಲ್ಲಿದೆಯೋ ನನಗೂ ಗೊತ್ತಿಲ್ಲ. ಗಟ್ಟಿಯಾಗಿ ಹೇಳಿದೆ, ಅಷ್ಟೆ. ಆರುಮುಗಂ ಮಿಷಿನು ನೋಡಿದ, ತೊಟ್ಟಿ ನೋಡಿದ. ಅವನಿಗೂ ಒಂದು ನೆಪ ಬೇಕಿತ್ತು ಎಂದು ಈಗ ಅನಿಸುತ್ತದೆ. ತನ್ನ ರಟ್ಟೆಯಿಂದ ಒತ್ತಿದ ಇಟ್ಟಿಗೆ ಕಣ್ಣೆದುರು ಹಾಳಾಗುವುದು ಯಾರಿಗೆ ಬೇಕು? "ಸರಿ, ಹಾರ ತೆಗೆಯಲ್ಲ. ಹಂಗೇ ಓಡಿಸ್ತೀನಿ" ಎಂದು ಕೈಮುಗಿದು ಸ್ವಿಚ್ಚು ಹಾಕಿದ.

ಇಟ್ಟಿಗೆ ಒಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಬಿಲ್ಲೆಯ ಮುಳ್ಳು ಮೆಲ್ಲಗೆ ಏರುತ್ತದೆ, ಹೆಚ್ಚು ಏರಿದಷ್ಟೂ ಇಟ್ಟಿಗೆ ಗಟ್ಟಿಯಂತೆ. ಇಟ್ಟಿಗೆ ಒಳಗೇ ನರಳಿದ ಹಾಗೆ ಒಂದು ಸದ್ದು, ಪಕ್ಕದಿಂದ ಸಿಪ್ಪೆ ಕಳಚುತ್ತದೆ, ಮುಳ್ಳು ಹಿಂದಕ್ಕೆ ಬೀಳುತ್ತದೆ. ಮೊದಲನೆಯದು ಬೇಗ ಒಡೆಯಿತು. ಎರಡನೆಯದೂ ಹಾಗೇ. ಸಾಲು ಮುಗಿಯುವ ಹೊತ್ತಿಗೆ ಶೈಲಾಳ ಮುಖ ನೋಡಿ ನನಗೇ ತಿಳಿಯಿತು, ಅವಳು ಅಂದುಕೊಂಡಷ್ಟು ಮುಳ್ಳು ಏರಿರಲಿಲ್ಲ.

ನಾನು ಹತ್ತಿರ ಹೋಗಿ, "ಅಂಕಿ ಒಂದ್ ಚೂರು ಜಾಸ್ತಿ ಬರ್ಕೊಳ್ಳೇ. ಯಾರು ನೋಡ್ತಾರೆ?" ಎಂದೆ.

"ಅತ್ತೆ, ನಾಳೆ ಯಾರೋ ಇದರಲ್ಲಿ ಮನೆ ಕಟ್ತಾರೆ. ಒಳಗೆ ಮಲಗ್ತಾರೆ" ಎಂದಳು. ಸಿಟ್ಟಿನಿಂದಲ್ಲ, ಉಪ್ಪು ಕಡಿಮೆ ಎಂದು ಹೇಳುವ ಹಾಗೆ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಕೊಟ್ಟಿಗೆಯ ಮಣ್ಣಿನ ಗೋಡೆ ಒಂದು ಮಳೆಗೆ ಕುಸಿಯಿತು. ಕೆಳಗೆ ಕರು ಇತ್ತು. ಗೋಡೆ ಚೆನ್ನಾಗೇ ಇದೆ ಎಂದು ಎಲ್ಲರೂ ಹೇಳಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಗೋಡೆಯ ತಾಕತ್ತು ತಿಳಿಯುವುದು ಅದು ಬಿದ್ದ ದಿನವೇ ಎಂದುಕೊಂಡು ಬದುಕಿದವರು ನಾವು. ಇವಳು ಯಾರೂ ಅಡಿಯಲ್ಲಿಲ್ಲದಾಗ ಅದನ್ನು ಬೀಳಿಸಿ ನೋಡುತ್ತಿದ್ದಳು. ಇಷ್ಟು ತಿಳಿಯಲು ನನಗೆ ಒಂದು ಹೊಸ ಸೀರೆ ಸಿಮೆಂಟಾಯಿತು.

ವಾಪಸು ಬರುವಾಗ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಲಾರಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಮದುವೆಗೆ ಹೊರಟ ಹಾಗೆ ಹೋಗುತ್ತಿದ್ದವು. ಮಗು ಅವಳ ಹೆಗಲ ಮೇಲೆ ಮಲಗಿತ್ತು.

"ಮುಗೀತಾ ಹಂಗಾದ್ರೆ?" ಎಂದೆ.

"ಇಲ್ಲ ಅತ್ತೆ. ಮಣ್ಣು ಬದಲಾಯಿಸಿ ಇಟ್ಟಿಗೆ ಮತ್ತೆ ಹಾಕ್ಬೇಕು." ಮಗುವಿನ ತಲೆಗೆ ಸೆರಗು ಹೊದಿಸಿ, "ದಸರಾ ಆಯ್ತು ಅಂತ ಗೊತ್ತು. ನಾಳೆಯಿಂದ ಮನೇಲೇ ಇರ್ತೀನಿ" ಎಂದಳು.

"ಯಾರು ಇರು ಅಂದ್ರು? ಬೆಳಗ್ಗೆ ಮಗುಗೆ ನೀನೇ ಸ್ನಾನ ಮಾಡ್ಸಿ ಹೋಗು, ಬಗ್ಗೋಕೆ ನನ್ ಕೈಲಾಗಲ್ಲ. ಮಿಕ್ಕಿದ್ದು ನೋಡ್ಕೋತೀನಿ."

"ಎಲ್ಲಿ ತನಕ ಅತ್ತೆ?"

"ಸುಮ್ನೆ ಬಸ್ ಹತ್ತೇ."

ಈಗ ಅದೇ ಮಗು ಹೈಸ್ಕೂಲಿಗೆ ಹೋಗುತ್ತದೆ. ಶೈಲಾ ಡಾಕ್ಟರಾಗಿ ಅದೇ ಲ್ಯಾಬಿನಲ್ಲಿ ಹುಡುಗರಿಗೆ ಕಲಿಸುತ್ತಾಳೆ, ಒಡೆಸುತ್ತಾಳೆ. ಸಂಜೆ ಅವಳು ಚಪ್ಪಲಿ ಬಿಡುವಾಗ "ಇವತ್ತು ಎಷ್ಟಕ್ಕೆ ಒಡೀತೇ?" ಎಂದು ಕೇಳುತ್ತೇನೆ. ಅವಳು ಒಂದು ಅಂಕಿ ಹೇಳುತ್ತಾಳೆ. ಅಂಕಿ ನನಗೆ ತಿಳಿಯುವುದಿಲ್ಲ, ದನಿ ತಿಳಿಯುತ್ತದೆ. ನಿನ್ನೆ ದನಿ ತೀರಾ ತಗ್ಗಿತ್ತು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕಾಫಿ ಲೋಟ ಅವಳ ಮುಂದಿಟ್ಟು, "ಮತ್ತೆ ಹಾಕು" ಎಂದೆ.