ಮೊದಲಿನವನ ಜಾಗಕ್ಕೆ ಬಂದ ಗಾಯಕಿ

ಹೊನ್ನಾವರದ ನಮ್ಮ ರಾಕ್ ಬ್ಯಾಂಡಿಗೆ ಮೊದಲಿನ ಗಾಯಕನ ಬದಲಿಗೆ ಬಂದ ಗಾಯಕಿಯನ್ನು ಜನ ಒಪ್ಪಲೇ ಇಲ್ಲ. ಮೊದಲಿನವನನ್ನೇ ಕೂಗಿ ಕರೆಯುತ್ತಿದ್ದರು. ವೇದಿಕೆ ಹತ್ತುವ ಮುನ್ನ ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಂಗೆ ಹೆದ್ರಿಕೆ ಆತದೆ ಮಾರಾಯ" ಎನ್ನುತ್ತಿದ್ದಳು. ಕಾಸರಕೋಡದ ಕಡಲದಂಡೆಯ ಕಾರ್ಯಕ್ರಮದಲ್ಲಂತೂ ಸಾಲುಗಳನ್ನೇ ಮರೆತಳು ಎಂದುಕೊಂಡೆವು. ಅದೇ ಹಾಡಿನ ನಡುವೆ, ಸ್ಪೀಕರ್ ಕಟ್ಟಿದ್ದ ಕಬ್ಬಿಣದ ಕಂಬ ಗಾಳಿಗೆ ಮರಳಿನ ಮೇಲೆ ಉರುಳಿತು. ಅದು ಬಿದ್ದ ಕಡೆ ಯಾರೂ ಇರಲಿಲ್ಲ, ಪುಣ್ಯ. ಅವಳು ಮತ್ತೆ ಹಾಡಲು ಬರಲಿಲ್ಲ.

ಮೊನ್ನೆ ಯಾರೋ ಅಂದಿನ ಮೊಬೈಲ್ ರೆಕಾರ್ಡಿಂಗ್ ಕಳಿಸಿದರು. ಗಾಳಿ, ನನ್ನ ಡ್ರಮ್ಮಿನ ಅಬ್ಬರ, ನಡುಗುವ ಅವಳ ದನಿ. ಹಾಡಿನ ರಾಗದಲ್ಲೇ ಅವಳು, "ಕಂಬ ಅಲ್ಲಾಡ್ತದೆ, ಹಿಂದೆ ಹೋಗಿ, ಓಡ್ಬೇಡಿ" ಎನ್ನುತ್ತಿದ್ದಾಳೆ.

"ಎಂತ ಹಾಡ್ತಾಳೋ ಇವ್ಳು?" ಎಂದು ಜನರ ನಡುವೆ ಯಾರೋ ನಗುತ್ತಾರೆ. ಮರುಕ್ಷಣವೇ, "ಏಯ್, ಹಿಂದೆ ನಡಿ!"

ರೆಕಾರ್ಡಿಂಗ್ ನಿಲ್ಲಿಸಿದಾಗ ನೆನಪಾಯಿತು: ಕಂಬ ಬೀಳುವವರೆಗೂ ಅವಳು ಅದರ ಬುಡದಲ್ಲೇ ನಿಂತು ಹಾಡುತ್ತಿದ್ದಳು.