ಕಾಫಿಪುಡಿ ಅಣ್ಣ ನುಡಿದ ಸಾಕ್ಷಿ

ಕಾಫಿಪುಡಿ ಅಣ್ಣನ ಬೆರಳುಗಳು ಹುರಿದ ಬೀಜದ ಬಣ್ಣಕ್ಕೇ ತಿರುಗಿದ್ದವು. ಉಗುರಿನ ಸಂದಿಯಲ್ಲಿ ಸದಾ ಪುಡಿ. ವೋಟು ಹಾಕಿ ಬಂದರೆ ಶಾಯಿ ಎಲ್ಲಿದೆ ಎಂದು ಹುಡುಕಬೇಕಿತ್ತು.

ಕುರುಬರಹಳ್ಳಿಯಲ್ಲಿ ಅವರ ಅಂಗಡಿ, ಮನೆ ಎರಡೂ ನಮ್ಮ ಮನೆಗೆ ಎದುರು. ಬೀದಿ ಅರ್ಧ ಅವರ ಪಕ್ಷ, ಅರ್ಧ ನಮ್ಮ ಪಕ್ಷ. ಪಾರ್ಲಿಮೆಂಟ್ ಚುನಾವಣೆ ಬಂತೆಂದರೆ ಅಕ್ಕಪಕ್ಕದವರೇ ಮಾತು ಬಿಡುತ್ತಿದ್ದರು. ಅಣ್ಣ ಮಾತ್ರ ಬಿಟ್ಟವರಲ್ಲ. ಪುಡಿ ತರಲು ಹೋದರೆ, ನಿಮ್ಮ ಪಕ್ಷದವರಿಗೆ ಚಿಕೋರಿ ಸ್ವಲ್ಪ ಜಾಸ್ತಿ ಎಂದು ಕಿಚಾಯಿಸುವರು. ನಮ್ಮವರು ಗೆದ್ದಾಗ ನಾನೂ ಬೇಕೆಂದೇ ಕೆಣಕಿದೆ. ಪೊಟ್ಟಣ ಕಟ್ಟುತ್ತಾ ಅಂದರು, "ಗೆದ್ಮೇಲೆ ನನಗೂ ಅವನೇ ಎಂಪಿ ತಾನೇ ಅಕ್ಕ. ನನ್ ಕಷ್ಟಾನೂ ಡೆಲ್ಲೀಲಿ ಅವನೇ ಹೇಳ್ಬೇಕು."

ಪ್ರತಿ ಚುನಾವಣೆಯಲ್ಲೂ ಅವರು ತಮ್ಮ ಪಕ್ಷದ ಏಜೆಂಟರಾಗಿ ಮತಗಟ್ಟೆಯೊಳಗೆ ಕೂರುತ್ತಿದ್ದರು. ಬಂದವರು ಅಸಲಿ ಮತದಾರರೋ ಅಲ್ಲವೋ ಎಂದು ನೋಡುವುದು ಏಜೆಂಟರ ಕೆಲಸ.

ಹಿಂದಿನ ಸಲ ನಾನು ಕ್ಯಾನ್ಸರ್ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದೆ. ತಲೆಯಲ್ಲಿ ಕೂದಲಿಲ್ಲ, ಹುಬ್ಬೂ ಇಲ್ಲ. ವೋಟಿಗೆ ಹೋಗುವುದು ಬೇಡವೆಂದರು ಮನೆಯವರು. ಬದುಕಿ ಬಂದಿದ್ದೇನೆ, ನಾನೂ ಲೆಕ್ಕಕ್ಕೆ ಸೇರಬೇಕು ಎಂದು ಹಟ ಹಿಡಿದೆ. ಹೈಸ್ಕೂಲಿನಲ್ಲಿದ್ದ ಮೊಮ್ಮಗಳು ತೋಳು ಹಿಡಿದು ಕರೆದೊಯ್ದಳು.

ಒಬ್ಬ ಏಜೆಂಟ್ ಎದ್ದು, ಫೋಟೋಗೂ ಮುಖಕ್ಕೂ ಹೋಲಿಕೆಯೇ ಇಲ್ಲ, ಇವರು ಬೇರೆ ಯಾರೋ ಎಂದ. ಅವನು ನಮ್ಮ ಪಕ್ಷದವನೇ, ಬೀದಿಗೆ ಹೊಸಬ. ನಾನೇ ಕಣಪ್ಪ ಎಂದರೂ ಅವನು ಕೇಳಲಿಲ್ಲ. ಆಸ್ಪತ್ರೆಯಲ್ಲೇ ಸತ್ತುಹೋಗಿದ್ದೆನೇನೋ ಅನ್ನಿಸಿಬಿಟ್ಟಿತು.

ಆಗ ಅಣ್ಣ ಎದ್ದರು. ಇನ್ನು ಮುಗಿಯಿತು ಅಂದುಕೊಂಡೆ. ನನ್ನ ವೋಟು ಹೋದರೆ ಲಾಭ ಅವರಿಗೇ ಅಲ್ಲವೇ?

"ಸಾರ್, ಈಯಮ್ಮ ನಮ್ಗೆ ವೋಟ್ ಹಾಕಲ್ಲ. ಆದ್ರೆ ಇವ್ರೇ ಅವ್ರು. ನಮ್ಮೆದುರು ಮನೆ ಅಕ್ಕ."

ಯಾರು ಯಾರಿಗೆ ಹಾಕುತ್ತಾರೆಂದು ಇಲ್ಲಿ ಹೇಳಕೂಡದು ಎಂದು ಅಧಿಕಾರಿ ಗದರಿದರು. ಗದರುತ್ತಲೇ ನನ್ನ ಬೆರಳಿಗೆ ಶಾಯಿ ಹಾಕಿಸಿದರು. ಬಾಗಿಲಲ್ಲಿದ್ದ ಮೊಮ್ಮಗಳು ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದಳು. ಮರುದಿನ ಅಂಗಡಿಗೆ ಹೋಗಿ ಕೈಮುಗಿದರೆ, ಅಣ್ಣ ಚಿಕೋರಿ ಎಷ್ಟು ಹಾಕಲಿ ಎಂದು ಕೇಳಿದರು, ಅಷ್ಟೆ.

ಮುಂದಿನ ಚುನಾವಣೆಗೆ ಅವರು ಉಳಿಯಲಿಲ್ಲ. ಒಂದು ಬೆಳಿಗ್ಗೆ ಷಟರ್ ಎತ್ತಲಿಲ್ಲವಲ್ಲ ಎಂದು ಹೋಗಿ ನೋಡಿದರೆ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಎರಡೂ ಪಕ್ಷದವರು ಹೆಗಲು ಕೊಟ್ಟರು.

ಈ ಸಲ ಮೊಮ್ಮಗಳು ಏನೋ ಕೆಲಸವಿದೆ ಎಂದು ಬೆಳಗಾಗುತ್ತಲೇ ಹೊರಟಿದ್ದಳು. ಮತಗಟ್ಟೆಯೊಳಗೆ ಕಾಲಿಟ್ಟವಳು ಕಲ್ಲಿನಂತೆ ನಿಂತೆ. ಅಣ್ಣನ ಜಾಗದಲ್ಲಿ ಅವಳು ಕೂತಿದ್ದಾಳೆ, ಅವರ ಪಕ್ಷದ ಏಜೆಂಟಾಗಿ! ನಮ್ಮ ಮನೆಯ ಕೂಸು, ಆ ಪಕ್ಷದಲ್ಲಿ! ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ನನ್ನ ಹಳೇ ಫೋಟೋವನ್ನೂ ಈಗಿನ ಬಿಳೀ ಗುಂಗುರು ಕೂದಲನ್ನೂ ಎರಡೆರಡು ಸಲ ನೋಡಿದರು. ಮೊಮ್ಮಗಳು ಎದ್ದು ನಿಂತಳು.

"ಸಾರ್, ಇವ್ರು ನಮ್ಗೆ ವೋಟ್ ಹಾಕಲ್ಲ. ಆದ್ರೆ ಇವ್ರೇ ಅವ್ರು."

ಮೂರನೇ ಕ್ಲಾಸಿಗೆ ಓದು ಬಿಟ್ಟವಳು ನಾನು. ಆ ಸಂತೋಷವನ್ನು ಹೇಗೆ ಬರೆಯುವುದೋ ತಿಳಿಯದು. ಕಣ್ಣೊರೆಸಿಕೊಂಡು ಒಳಗೆ ಹೋಗಿ ನನ್ನ ಪಕ್ಷಕ್ಕೇ ಒತ್ತಿದೆ. ಇಲ್ಲದಿದ್ದರೆ ಅಣ್ಣನ ಮಾತು ಸುಳ್ಳಾಗುತ್ತಿತ್ತು.