ಟ್ಯಾಂಕಿನ ಕಂಬದ ಮೇಲಿನ ತಾರೀಕು

ಹೆಡತಲೆ ಎಂಬ ಊರಿನ ಆಚೆಗಿರುವ ಒಂದು ಪಂಚಾಯಿತಿಯ ಗ್ರಂಥಾಲಯವನ್ನು ಗೋವಿಂದಮ್ಮ ಹದಿನೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಅಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಉಳಿದದ್ದಕ್ಕೆ ಕಾರಣ ಅವಳ ಓದಲ್ಲ, ಬಾಯಿ. ಅದನ್ನು ಅವಳು ತೆರೆಯುತ್ತಿರಲಿಲ್ಲ. ಅಧ್ಯಕ್ಷರು ಐದಾರು ಮಂದಿ ಬಂದು ಹೋದರು. ಬಂದವರಿಗೆಲ್ಲ ‘ಆಯ್ತು ಸಾ’ ಅಂದಳು, ಹೋದವರ ಬಗ್ಗೆ ಏನೂ ಅನ್ನಲಿಲ್ಲ.

ಪಂಚಾಯಿತಿಯವರು ಅಂಥವಳನ್ನೇ ಹುಡುಕಿ, ಹದಿಹರೆಯದವರನ್ನು ಬದಲಾವಣೆಯ ನಾಯಕರನ್ನಾಗಿ ಮಾಡುವ ಮೂರು ದಿನದ ತರಬೇತಿಗೆ ಮೈಸೂರಿಗೆ ಕಳಿಸಿದರು. ಅಲ್ಲಿ ಬಲೂನು ಊದಿಸಿದರು, ದಾರದ ಉಂಡೆ ಎಸೆದಾಡಿಸಿದರು, ಮಧ್ಯಾಹ್ನ ಕೇಸರಿಬಾತು ಬಡಿಸಿದರು. ನಾಯಕತ್ವಕ್ಕೂ ಬಲೂನಿಗೂ ಏನು ನಂಟು ಎಂದು ಗೋವಿಂದಮ್ಮನಿಗೆ ಹೊಳೆಯಲಿಲ್ಲ. ಎರಡರಲ್ಲೂ ಗಾಳಿಯೇ ಹೆಚ್ಚು ಎಂದು ಪಕ್ಕದವಳು ಪಿಸುಗುಟ್ಟಿದ ಮೇಲೆ ಹೊಳೆಯಿತು. ಕೊನೆಗೆ ಕೈಗೆ ಬಂದ ಪ್ರಮಾಣಪತ್ರದಲ್ಲಿ ‘ಶ್ರೀ ಗೋವಿಂದಪ್ಪ’ ಎಂದಿತ್ತು. ಅದನ್ನೂ ಅವಳು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಊರಿಗೆ ಬಂದರೆ ಪಂಚಾಯಿತಿ ಅಧ್ಯಕ್ಷ ಮಹಾದೇವಸ್ವಾಮಿಯವರು ಮಕ್ಕಳ ಗ್ರಾಮಸಭೆಗೆ ದಿನ ಗೊತ್ತು ಮಾಡಿದ್ದರು. ಮಕ್ಕಳು ಧೈರ್ಯವಾಗಿ ಪ್ರಶ್ನೆ ಕೇಳಬೇಕು ಎಂಬುದು ಅವರ ಮನದಾಸೆ. ಧೈರ್ಯಕ್ಕೆ ತೊಂದರೆಯಾಗದಿರಲೆಂದು ಪ್ರಶ್ನೆಗಳನ್ನೂ ತಾವೇ ಟೈಪು ಮಾಡಿಸಿ ಕೊಟ್ಟರು. ಮೊದಲನೆಯದು: ‘ನಮ್ಮ ಗ್ರಾಮದ ಸರ್ವತೋಮುಖ ಅಭಿವೃದ್ಧಿಯ ಗುಟ್ಟೇನು?’

ಗೋವಿಂದಮ್ಮ ಆ ಹಾಳೆಯನ್ನು ಹತ್ತನೇ ತರಗತಿಯ ಕವನಳ ಕೈಗಿಟ್ಟಳು. ಕೇರಿಯ ಕೂಲಿಕಾರ ದಂಪತಿಯ ಮಗಳು. ಗ್ರಂಥಾಲಯಕ್ಕೆ ಬಂದು ಪತ್ರಿಕೆಯನ್ನು ನಿಜವಾಗಿ ಓದುತ್ತಿದ್ದ ಒಬ್ಬಳೇ ಹುಡುಗಿ.

“ಅಕ್ಕ, ಇದ್ನ ಅವ್ರೇ ಕೇಳ್ಕಂಡು ಅವ್ರೇ ಏಳ್ಕಂಡ್ರೆ ಆಯ್ತದಲ್ವಾ? ನಡುವ್ಕೆ ನಾವ್ಯಾಕೆ?”

ಗೋವಿಂದಮ್ಮ ನಗು ತಡೆಯಲು ನೋಡಿದಳು, ಆಗಲಿಲ್ಲ. “ನೀನಾದ್ರೆ ಏನ್ ಕೇಳ್ತೀಯವ್ವ?”

ಕವನ ಅವಳನ್ನು ಹೊರಗೆ ಕರೆದು ನೀರಿನ ಟ್ಯಾಂಕು ತೋರಿಸಿದಳು. ಕಂಬದ ಮೇಲೆ ಕೆಂಪು ಅಕ್ಷರದಲ್ಲಿ ‘ಸ್ವಚ್ಛಗೊಳಿಸಿದ ದಿನಾಂಕ’ ಎಂದಿತ್ತು. ತಿಂಗಳು ತಿಂಗಳೂ ಐದಕ್ಕೆ ಹೊಸ ತಾರೀಕು ಬೀಳುತ್ತಿತ್ತು. ಊರಿನಲ್ಲಿ ಇಷ್ಟು ನಿಯತ್ತಾಗಿ ನಡೆಯುವ ಕೆಲಸ ಬೇರೊಂದಿರಲಿಲ್ಲ. ಆದರೆ ಮೇಲಕ್ಕೆ ಹತ್ತುವ ಕಬ್ಬಿಣದ ಏಣಿಯ ಕೆಳಗಿನ ಎಂಟು ಮೆಟ್ಟಿಲು ತುಕ್ಕು ಹಿಡಿದು ಉದುರಿ ವರ್ಷವಾಗಿತ್ತು. ಉಳಿದವಕ್ಕೆ ಕಡಜಗಳು ಗೂಡು ಕಟ್ಟಿದ್ದವು. ಕೇರಿಯಲ್ಲಿ ಆ ತಿಂಗಳು ಹನ್ನೊಂದು ಮಕ್ಕಳಿಗೆ ವಾಂತಿಭೇದಿಯಾಗಿತ್ತು. ಕವನ ಮತ್ತು ಅವಳ ಮೂವರು ಗೆಳತಿಯರು ಏಳು ದಿನದ ನೀರನ್ನು ಏಳು ಬಾಟಲಿಯಲ್ಲಿ ಹಿಡಿದಿಟ್ಟಿದ್ದರು. ಎಲ್ಲದರ ತಳದಲ್ಲೂ ಕೆಸರು.

ಗೋವಿಂದಮ್ಮ ಏಣಿಯ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿದಳು. ಈ ಟ್ಯಾಂಕಿನ ಎದುರಿಗೇ ಕೂತವಳು ತಾರೀಕು ನೋಡಿದ್ದಳೇ ಹೊರತು ಏಣಿ ನೋಡಿರಲಿಲ್ಲ. ನೋಡಿದ್ದರೂ ನೋಡದಂತೆ ಇರುತ್ತಿದ್ದಳು. ಅವಳ ಕೆಲಸ ಕಾಯಂ ಆಗಿರಲಿಲ್ಲ. ಆದರೂ ಅವತ್ತು ನಾಚಿಕೆ ಭಯಕ್ಕಿಂತ ಒಂದು ಗೇಣು ಹೆಚ್ಚಾಯಿತು.

“ಕೇಳವ್ವ,” ಅಂದಳು. “ಆದ್ರೆ ಕೂಗಾಡ್ಬೇಡ. ಕೂಗಾಡುದ್ರೆ ಅದುನ್ನೇ ಇಡ್ಕತಾರೆ, ನೀರ್ನ ಬುಟ್ಬುಡ್ತಾರೆ.”

ಸಭೆಯ ದಿನ ಶಾಮಿಯಾನ ಹಾಕಿದ್ದರು. ಊರಿಗೆ ಶುದ್ಧ ನೀರು ಕೊಟ್ಟ ಗಣ್ಯರೆಲ್ಲರ ಮುಂದೆ ಅಂಗಡಿಯಿಂದ ತಂದ, ಸೀಲು ಒಡೆಯದ ನೀರಿನ ಬಾಟಲಿಗಳಿದ್ದವು. ಕವನ ಎದ್ದು ನಿಂತಳು.

“ಸಾ, ಟ್ಯಾಂಕ್ ತೊಳ್ದು ಎಷ್ಟ್ ದಿನ ಆಯ್ತು?”

ಅಧ್ಯಕ್ಷರು ನಕ್ಕರು. “ತಿಂಗ್ಳು ತಿಂಗ್ಳೂ ತೊಳುಸ್ತೀವಿ ಕಣವ್ವ. ಕಂಬದ್ ಮ್ಯಾಲೇ ಬರ್ದದಲ್ಲ, ಓದಕ್ ಬರಲ್ವಾ?”

“ಓದ್ದೆ ಸಾ. ಏಣಿಲಿ ಮೆಟ್ಲೇ ಇಲ್ವಲ್ಲ, ಯಾರ್ ಮ್ಯಾಲಕ್ಕೆ ಅತ್ತಿದ್ರು?”

ಗೆಳತಿಯರು ಏಳು ಬಾಟಲಿಗಳನ್ನೂ ತಂದು ಗಣ್ಯರ ಬಾಟಲಿಗಳ ಪಕ್ಕದಲ್ಲಿ ಸಾಲಾಗಿಟ್ಟರು. ಅಧ್ಯಕ್ಷರು ನೀರು ಬಿಡುವ ಬಸವಯ್ಯನ ಕಡೆ ಕಣ್ಣು ಕೆಂಪಗೆ ಮಾಡಿದರು. ತಪ್ಪು ಹೊರಿಸಲು ಅವನಷ್ಟು ಅನುಕೂಲವಾದ ಹೆಗಲು ಊರಲ್ಲಿರಲಿಲ್ಲ. ಅವತ್ತು ಬಸವಯ್ಯ ಎದ್ದೇ ಬಿಟ್ಟ.

“ಏಣಿ ಮಾಡ್ಸ್ಕೊಡಿ ಅಂತ ಐದ್ ಸತಿ ಕೇಳ್ದೆ ಸಾ. ಬ್ರಶ್ಶು, ಬಣ್ಣ ಕೊಟ್ರಿ.”

ಹಿಂದೆ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ವಂದನಾರ್ಪಣೆ ಬೇಗ ಮುಗಿಯಿತು. ಅಧ್ಯಕ್ಷರು ನೇರವಾಗಿ ಗ್ರಂಥಾಲಯಕ್ಕೇ ನುಗ್ಗಿದರು.

“ಏನಮ್ಮಾ, ಮಕ್ಳ ತಲೆ ಕೆಡುಸ್ತಾ ಇದ್ದೀಯಾ?”

ಗೋವಿಂದಮ್ಮ ಕುರ್ಚಿಯಿಂದ ಎದ್ದು ನಿಂತಳು. “ನಾಯಕತ್ವ ಬೆಳ್ಸು ಅಂದ್ರಿ, ಬೆಳುಸ್ದೆ. ಎಷ್ಟುದ್ದ ಬೆಳುಸ್ಬೇಕು ಅಂತ ಆರ್ಡರ್‌ನಲ್ಲಿ ಬರ್ದಿರ್ಲಿಲ್ಲ ಸಾ.”

ಅಷ್ಟು ಮಾತಾಡಿದ್ದು ತಾನೇ ಹೌದೇ ಎಂದು ಅವಳಿಗೇ ಅನುಮಾನವಾಯಿತು.

ಅವಳಿಗೆ ನೋಟಿಸು ಬಂತು. ಎರಡು ಸಾಲಿನ ಉತ್ತರ ಬರೆದು ಕೊಟ್ಟಳು. ಅದು ಯಾವ ಕಡತದಲ್ಲಿ ಮಲಗಿತೋ, ಮತ್ತೆ ಏಳಲಿಲ್ಲ. ಹನ್ನೆರಡನೇ ದಿನಕ್ಕೆ ಏಣಿಗೆ ವೆಲ್ಡಿಂಗ್ ಆಯಿತು. ಬಸವಯ್ಯ ಹತ್ತಿ ನಾಲ್ಕು ಬಾಂಡಲಿ ಕೆಸರನ್ನೂ ಒಂದು ಸತ್ತ ಪಾರಿವಾಳವನ್ನೂ ಇಳಿಸಿದ. ಅಧ್ಯಕ್ಷರು ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಫೋಟೊ ತೆಗೆಸಿಕೊಂಡರು. ‘ಮಕ್ಕಳ ದನಿಗೆ ಓಗೊಟ್ಟ ಜನನಾಯಕ’ ಎಂಬ ಬರಹದೊಂದಿಗೆ ಅದು ವಾಟ್ಸಾಪಿನಲ್ಲಿ ಊರೂರು ಸುತ್ತಿತು. ಕವನಳಿಗೆ ಫೋಟೊದಲ್ಲಿ ಜಾಗ ಸಿಗಲಿಲ್ಲ. ಅವಳಿಗೆ ಅದರ ಯೋಚನೆಯೂ ಇರಲಿಲ್ಲ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾರ ಹತ್ತಿರವಿದೆ ಎಂದು ವಿಚಾರಿಸುತ್ತಿದ್ದಳು.

ಮುಂದಿನ ತಿಂಗಳು ಬನ್ನೂರು ಕಡೆಯ ಒಂದು ಹಳ್ಳಿಯ ಮಕ್ಕಳು ಹೇಳಿಕಳಿಸಿದರು: ನಮ್ಮೂರಲ್ಲೂ ಒಂದು ಟ್ಯಾಂಕಿದೆ, ಬನ್ನಿ. ಭಾನುವಾರ ಗೋವಿಂದಮ್ಮ ನಾಲ್ವರು ಹುಡುಗಿಯರನ್ನೂ ಕರೆದುಕೊಂಡು ನರಸೀಪುರದಲ್ಲಿ ಬಸ್ಸು ಬದಲಿಸಿ ಹೊರಟಳು. ಆ ಊರಿನ ಶಾಲೆಯ ಜಗಲಿಯ ಮೇಲೆ ಹುಡುಗಿಯರು ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುತ್ತಾ ಎಲ್ಲವನ್ನೂ ಹೇಳುತ್ತಿದ್ದರೆ, ಅವಳು ಹಿಂದೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

ಒಬ್ಬ ಮೇಷ್ಟ್ರು ಬಂದು, “ಈ ಮಕ್ಳಿಗೆ ಟ್ರೈನಿಂಗ್ ಕೊಟ್ಟೋರು ನೀವೇನಾ?” ಎಂದು ಕೇಳಿದರು.

“ಅಯ್ಯೋ ಇಲ್ಲ ಸಾ,” ಎಂದು ಗೋವಿಂದಮ್ಮ ಅವರಿಗೂ ಒಂದು ಹಿಡಿ ಕಡಲೆಕಾಯಿ ಕೊಟ್ಟಳು. “ನಾನೂ ಇವ್ರ ಜೊತೆಲಿ ಕಲೀತಾ ಇವ್ನಿ.”